ಪಾಪರ್ ಚೀಟಿ

ಹಳೇ ಮೈಸೂರಿನ ಕಡೆ ವ್ಯಾಪಾರದಲ್ಲಿ ಮುಳುಗಿದವನನ್ನು ‘ಪಾಪರ್ ಆದ’ ಎನ್ನುತ್ತಾರೆ. ಸಾಲ ಕೊಟ್ಟವರ ಕಾಟ ತಡೆಯಲಾರದೆ ಅವನು ಕೋರ್ಟಿನ ಮೊರೆ ಹೋದರೆ ‘ಪಾಪರ್ ಚೀಟಿ ತಗೊಂಡ’ ಎಂದಾಯಿತು. ಚೀಟಿ ನಡೆಸುತ್ತಿದ್ದವರು, ಮಂಡಿ ಇಟ್ಟಿದ್ದವರು, ಸಿನಿಮಾಕ್ಕೆ ದುಡ್ಡು ಸುರಿದವರು, ಹೀಗೆ ಒಂದು ಕಾಲಕ್ಕೆ ಕೈತುಂಬ ಕಾಸು ಕಂಡವರಿಗೇ ಈ ಮಾತು ಅಂಟುವುದು. ಕೂಲಿಯವನನ್ನು ಯಾರೂ ಪಾಪರ್ ಎನ್ನುವುದಿಲ್ಲ. ಪಾಪರ್ ಆಗಬೇಕಾದರೂ ಮೊದಲು ಏನಾದರೂ ಇರಬೇಕಲ್ಲ!

ಕಾನೂನಿನ ಪುಸ್ತಕದಲ್ಲಿ ಈ ಪದದ ಅರ್ಥ ಬೇರೆಯೇ ಇತ್ತು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದ ಪ್ರಕಾರ, ದಾವೆ ಹೂಡಲು ಕೋರ್ಟ್ ಫೀ ಕಟ್ಟಲು ಗತಿಯಿಲ್ಲದವನು ಪಾಪರ್. ಗಂಡ ಸತ್ತ ಮೇಲೆ ಮೈದುನರು ಮನೆಯಿಂದ ಹೊರಹಾಕಿದ ಹೆಂಗಸು ಪಾಲು ಕೇಳಲು ಹೋದಳೆನ್ನಿ. ಕೇಳುವ ಆಸ್ತಿಯ ಬೆಲೆ ಏರಿದಷ್ಟೂ ಫೀಸು ಏರುತ್ತದೆ. ಅಷ್ಟು ಹಣವಿದ್ದರೆ ಅವಳು ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇರಲಿಲ್ಲವೇನೋ. ಅಂಥವರು ಪಾಪರ್ ಎಂದು ಅರ್ಜಿ ಕೊಟ್ಟು ಫೀಸಿಲ್ಲದೆ ದಾವೆ ನಡೆಸಬಹುದಿತ್ತು. ಇಂಗ್ಲೆಂಡಿನಲ್ಲಿ ಏಳನೇ ಹೆನ್ರಿಯ ಕಾಲದಲ್ಲಿ, 1495ರಲ್ಲೇ, ಬಡವರಿಗೆ ಇಂಥ ದಾರಿ ಮಾಡಿದ್ದರು. ಅಲ್ಲಿಂದ ಹಡಗು ಹತ್ತಿ ಬಂದ ಪದ ಇದು.

ದಿವಾಳಿಯ ಕಾನೂನು ಬೇರೆ, ಇದು ಬೇರೆ. ಜನರ ಬಾಯಲ್ಲಿ ಎರಡೂ ಹೇಗೆ ಕಲೆತವು? ಎರಡರಲ್ಲೂ ಜಡ್ಜಿಯ ಮುಂದೆ ನಿಂತು ತನ್ನದೆಂಬ ಪ್ರತಿ ವಸ್ತುವಿನ ಪಟ್ಟಿ ಒಪ್ಪಿಸಬೇಕಿತ್ತು. ಕೋರ್ಟಿನ ಆವರಣದಲ್ಲಿ ನಿಂತು ನೋಡಿದವರಿಗೆ ಕಂಡದ್ದು ಆ ಒಂದು ಅವಮಾನ ಮಾತ್ರ ಎಂಬುದು ನನ್ನ ಊಹೆ. ಬಡವನಿಗೆಂದು ಮಾಡಿದ ಪದವನ್ನು ಕೆಟ್ಟ ಸಾಹುಕಾರ ಹೊತ್ತುಕೊಂಡು ಹೋದ.

ಪಟ್ಟಿಯ ಕಥೆಯನ್ನು ಸ್ವಲ್ಪ ನೋಡಬೇಕು. ಫೀಸು ಗೊತ್ತುಪಡಿಸದ ದಾವೆಯಾದರೆ, ದಾವೆಗೆ ಸಿಕ್ಕಿಕೊಂಡ ಸ್ವತ್ತು ಮತ್ತು ಉಡುವ ಬಟ್ಟೆ ಬಿಟ್ಟು ನೂರು ರೂಪಾಯಿ ಬಾಳುವ ಆಸ್ತಿ ಇರಕೂಡದು ಎಂದಿತ್ತು 1908ರ ನಿಯಮ. ಮನೆಯ ಸಾಮಾನಿನಲ್ಲಿ ಬಿಟ್ಟದ್ದು ಬಟ್ಟೆಯನ್ನು ಮಾತ್ರ. 1976ರ ತಿದ್ದುಪಡಿಯಲ್ಲಿ ‘ಪಾಪರ್’ ಹೋಗಿ ‘ಇಂಡಿಜೆಂಟ್ ಪರ್ಸನ್’ ಬಂತು, ನಮ್ಮಲ್ಲಿ ನಿರ್ಗತಿಕ ವ್ಯಕ್ತಿ. ಹೆಸರು ಬದಲಾದದ್ದೇ ದೊಡ್ಡ ಸುಧಾರಣೆ ಎಂದು ಪಾಠ ಹೇಳುವವರುಂಟು. ನನಗೆ ದೊಡ್ಡದಾಗಿ ಕಾಣುವುದು ಅದರ ಪಕ್ಕದಲ್ಲೇ ಸದ್ದಿಲ್ಲದೆ ನುಸುಳಿದ ಇನ್ನೊಂದು ಮಾತು: ಜಪ್ತಿ ಮಾಡಲು ಬಾರದ ಯಾವ ಸ್ವತ್ತನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಂದರೆ ಅಡುಗೆಯ ಪಾತ್ರೆ, ಹಾಸಿಗೆ, ಬಡಗಿಯ ಉಳಿ, ರೈತನ ನೇಗಿಲು, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ತಾಳಿ ಇದ್ದ ಮಾತ್ರಕ್ಕೆ ಅವಳು ಅನುಕೂಲಸ್ಥೆ ಎಂದು ಎದುರು ಕಡೆಯ ವಕೀಲ ವಾದಿಸುವ ದಾರಿ ಅಲ್ಲಿಗೆ ಮುಚ್ಚಿತು. ನೂರು ರೂಪಾಯಿಯನ್ನು ಸಾವಿರಕ್ಕೆ ಏರಿಸಿದರು. ಸಂಹಿತೆಯಲ್ಲಿ ಆ ಸಾವಿರ ಇನ್ನೂ ಹಾಗೇ ಕೂತಿದೆ. ಇಂದು ಹಳೇ ಮೊಬೈಲು ಇಟ್ಟುಕೊಂಡವನೂ ಆ ಗೆರೆ ದಾಟಿಬಿಡುತ್ತಾನೆ.

ಆ ತಿದ್ದುಪಡಿಯಲ್ಲಿ ಕಳೆದುಹೋದ ಒಂದು ಕ್ರಿಯಾಪದಕ್ಕಾಗಿ ನನಗೆ ಚೂರು ಬೇಸರವಿದೆ. ‘ಡಿಸ್‌ಪಾಪರ್’ ಮಾಡುವುದು ಎಂದಿತ್ತು. ದಾವೆ ನಡೆಯುವಾಗ ವಾದಿ ಸುಮ್ಮನೆ ಕಿರುಕುಳ ಕೊಟ್ಟರೆ, ಅನುಚಿತವಾಗಿ ನಡೆದುಕೊಂಡರೆ, ಕೋರ್ಟು ಅವನ ಪಾಪರ್‌ತನವನ್ನೇ ರದ್ದು ಮಾಡಬಹುದಿತ್ತು. ತರಲೆ ಮಾಡಿದ್ದಕ್ಕೆ ಬಡತನವೇ ವಜಾ! ಇವತ್ತು ಅದನ್ನು ‘ಅನುಮತಿ ಹಿಂತೆಗೆತ’ ಎಂದು ಸಪ್ಪೆಯಾಗಿ ಬರೆಯುತ್ತಾರೆ. ವಕೀಲರ ಕೊಠಡಿಯಲ್ಲಿ ಮಾತ್ರ ‘ಪಾಪರ್ ಸೂಟು’ ಈಗಲೂ ಸಲೀಸು.

ಅದೇ 1976 ಹಿಂದೂ ವಿವಾಹ ಕಾಯ್ದೆಯನ್ನೂ ತೊಳೆಯಿತು. ವಧುವಾಗಲಿ ವರನಾಗಲಿ ‘ಈಡಿಯಟ್’ ಅಥವಾ ‘ಲುನಾಟಿಕ್’ ಆಗಿರಕೂಡದು ಎಂದು 1955ರಲ್ಲಿ ಬರೆದಿದ್ದರು. ಲುನಾಟಿಕ್ ಎಂದರೆ ಚಂದ್ರ ಕೆಡಿಸಿದವನು. ಅಮಾವಾಸ್ಯೆ-ಹುಣ್ಣಿಮೆಗೆ ಹುಚ್ಚು ಕೆರಳುತ್ತದೆ ಎನ್ನುವ ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಲುನಾಟಿಕ್ ಅಸೈಲಂ 1925ರಲ್ಲೇ ಬೋರ್ಡು ಬದಲಿಸಿ ಮೆಂಟಲ್ ಆಸ್ಪತ್ರೆಯಾಯಿತು; ಮುಂದೆ ಅದೇ ನಿಮ್ಹಾನ್ಸ್. 1912ರ ಲೂನಸಿ ಕಾಯ್ದೆಯ ಜಾಗಕ್ಕೆ ಬೇರೊಂದನ್ನು ಸಂಸತ್ತು ತಂದದ್ದು 1987ರಲ್ಲಿ. ಅಷ್ಟರಲ್ಲಿ ‘ಮೆಂಟಲ್’ ಎಂಬುದೇ ಬೈಗುಳವಾಗಿತ್ತು. ಉತ್ತರ ಕರ್ನಾಟಕದಲ್ಲಿ ‘ಧಾರವಾಡಕ್ಕ ಕಳಸಬೇಕು ಇವನ್ನ’ ಎಂದರೆ ಅಲ್ಲಿನ ಹುಚ್ಚಾಸ್ಪತ್ರೆಗೆ ಎಂದೇ ಅರ್ಥ, ಓದಲಿಕ್ಕೆ ಎಂದು ಯಾರೂ ತಿಳಿಯುವುದಿಲ್ಲ.

ಹಾಗೆಂದು ಹಳೆಯದೆಲ್ಲ ಕಸವಲ್ಲ. ತಾನೇನು ಮಾಡುತ್ತಿದ್ದೇನೆಂದು ತಿಳಿಯದವನನ್ನು ಶಿಕ್ಷೆಯಿಂದ ಪಾರುಮಾಡುವ, 1860ರ ದಂಡಸಂಹಿತೆಯ 84ನೇ ಕಲಮಿನಲ್ಲಿ ‘ಚಿತ್ತಸ್ವಾಸ್ಥ್ಯವಿಲ್ಲದವನು’ ಎಂಬರ್ಥದ ಮಾತಿತ್ತು. 2023ರಲ್ಲಿ ದಂಡಸಂಹಿತೆಯ ಜಾಗಕ್ಕೆಂದು ತಂದ ಭಾರತೀಯ ನ್ಯಾಯ ಸಂಹಿತೆಯ ಮೊದಲ ಕರಡು ಆ ಮಾತನ್ನು ತೆಗೆದು ‘ಮಾನಸಿಕ ಕಾಯಿಲೆ’ ಎಂದು ಹಾಕಿತು. ಸಂಸದೀಯ ಸಮಿತಿ ತಕರಾರು ತೆಗೆಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಕಾಯಿಲೆಯ ವ್ಯಾಖ್ಯೆ ಎಷ್ಟು ಅಗಲವೆಂದರೆ ಕುಡಿತ, ಮಾದಕ ಚಟದಿಂದ ಬರುವ ಸ್ಥಿತಿಗಳೂ ಅದರೊಳಗೆ ಬರುತ್ತವೆ. ಕುಡುಕ ಕೊಲೆಗಾರನಿಗೂ ಬಾಗಿಲು ತೆರೆದಂತಾಗುತ್ತಿತ್ತು. ಹಳೇ ಮಾತೇ ವಾಪಸು ಬಂತು. ಖಿನ್ನತೆಗೆ ಮಾತ್ರೆ ನುಂಗುವವರೆಲ್ಲ ಚಿತ್ತ ಕೆಟ್ಟವರು ಎಂದಾಗದಂತೆ ತಡೆಯುವ ಅಂತರವೂ ಈ ಎರಡು ಪದಗಳ ನಡುವೆಯೇ ಇದೆ. ಕೋರ್ಟು ಹೇಳುವ ತನಕ ಕಾಯಿಲೆ ಇದ್ದ ಮಾತ್ರಕ್ಕೆ ಒಬ್ಬನನ್ನು ಹಾಗೆ ಗಣಿಸುವಂತಿಲ್ಲ ಎಂದು 2017ರ ಕಾಯ್ದೆಯೇ ಹೇಳುತ್ತದೆ.

‘ಈಡಿಯಟ್’ ಮಾತ್ರ ಇನ್ನೂ ಉಳಿದಿದ್ದಾನೆ. 1963ರ ಕಾಲಮಿತಿ ಕಾಯ್ದೆಯ 6ನೇ ಕಲಮಿನಲ್ಲಿ ಅಪ್ರಾಪ್ತ, ಹುಚ್ಚ, ಈಡಿಯಟ್ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರೆ. ಹುಟ್ಟಿನಿಂದ ಬುದ್ಧಿ ಬೆಳೆಯದ ಅಣ್ಣನ ಪಾಲನ್ನು ತಮ್ಮಂದಿರು ನುಂಗಿ ವರ್ಷಗಳೇ ಕಳೆದಿದ್ದರೂ, ಅವನ ಮಟ್ಟಿಗೆ ದಾವೆಯ ಗಡುವು ಶುರುವಾಗಿರುವುದೇ ಇಲ್ಲ. ಆ ರಿಯಾಯಿತಿ ಬೇಕೆಂದರೆ ಅವನ ಪರವಾಗಿ ದಾವೆ ಹಾಕುವ ಅಕ್ಕನೋ ತಂಗಿಯೋ, ಈ ಮೂರರಲ್ಲಿ ಅವನು ಯಾವುದು ಎಂದು ಸಹಿ ಹಾಕಿ ಹೇಳಬೇಕು.