ವಾಹಕನ ಹೊಣೆಯೂ ವಾಹನಗಳ ವಿಮೆಯೂ

ಒಬ್ಬನ ಸರಕನ್ನು ಇನ್ನೊಬ್ಬನು ಕೂಲಿಗಾಗಿ ಸಾಗಿಸುವಾಗ ಅದು ದಾರಿಯಲ್ಲಿ ಕೆಟ್ಟರೆ ನಷ್ಟವು ಯಾರದೆಂಬ ಪ್ರಶ್ನೆಯು ವ್ಯಾಪಾರದಷ್ಟೇ ಹಳೆಯದು. ಇದಕ್ಕೆ ನಮ್ಮ ಧರ್ಮಶಾಸ್ತ್ರಕಾರರು ಕೊಟ್ಟ ಉತ್ತರವನ್ನೂ ಆಂಗ್ಲ ನ್ಯಾಯಾಧೀಶರು ಕೊಟ್ಟ ಉತ್ತರವನ್ನೂ ಹೋಲಿಸಿ ನೋಡಿ, ಆ ಬಳಿಕ ಮೋಟಾರು ವಾಹನಗಳನ್ನೇ ಸರಕಾಗಿ ಸಾಗಿಸುವ ಉದ್ಯಮದಲ್ಲಿ ವಿಮೆಯು ಹೇಗೆ ನೆಲೆಗೊಂಡಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ವಿಮೆಯೆಂಬುದು ವಾಹಕನಿಗೆ, ಎಂದರೆ ಕೂಲಿ ಪಡೆದು ಸರಕು ಸಾಗಿಸುವವನಿಗೆ, ಹೊರಗಿನಿಂದ ಬಂದ ಒಂದು ರಕ್ಷಣೆಯೆಂದು ಸಾಮಾನ್ಯವಾಗಿ ಭಾವಿಸುವರು. ಚರಿತ್ರೆಯು ಹೇಳುವುದು ಬೇರೆ. ಮೊದಲು ವಾಹಕನೇ ವಿಮೆದಾರನ ಸ್ಥಾನದಲ್ಲಿದ್ದನು. ಅವನು ಆ ಸ್ಥಾನದಿಂದ ಹಿಂದೆ ಸರಿದಂತೆಲ್ಲ ತೆರವಾದ ಎಡೆಯಲ್ಲಿ ವಿಮೆಯ ಸಂಸ್ಥೆಗಳು ಬಂದು ಕುಳಿತವು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ, ಕೂಲಿಯ ವಿಷಯವಾದ ಪ್ರಕರಣದೊಳಗೆ, ವಾಹಕನ ವಿಷಯವು ಬಂದಿರುವುದು. ರಾಜನಿಂದಾಗಲಿ ದೈವದಿಂದಾಗಲಿ ಆಗದ ನಾಶಕ್ಕೆ ವಾಹಕನೇ ಸರಕಿನ ಬೆಲೆಯನ್ನು ತೆರಬೇಕೆಂಬುದು ಅಲ್ಲಿಯ ವಿಧಿ. ನಾರದಸ್ಮೃತಿಯೂ ಇದನ್ನೇ ಹೇಳಿ, ವಾಹಕನ ದೋಷದಿಂದ ಆದ ನಷ್ಟವೆಂಬ ಮಾತನ್ನು ಸ್ಪಷ್ಟವಾಗಿ ಸೇರಿಸಿರುವುದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯನ ಈ ವಿಧಿಯನ್ನು ವಿವರಿಸುವಾಗ, ವಾಹಕನ ವಿವೇಕಶೂನ್ಯತೆಯಿಂದ ಸರಕು ಹಾಳಾದರೆ ಹಾಳಾದಷ್ಟಕ್ಕೆ ಅವನಿಂದ ಕೊಡಿಸಬೇಕೆಂದು ಅರ್ಥಮಾಡಿರುವನು. ಇದು ಬರಿಯ ಪಂಡಿತರ ಚರ್ಚೆಯಾಗಿದ್ದಿರಲಾರದು. ಕತ್ತೆ ಕೋಣಗಳ ಮೇಲೆ ಸರಕು ಹೇರಿಕೊಂಡು ದೇಶದೇಶಗಳನ್ನು ತಿರುಗುತ್ತಿದ್ದ ಅಯ್ಯಾವೊಳೆಯ ಐನೂರ್ವರ ಕೀರ್ತಿಯು ಅದೇ ಕಾಲದ ಶಾಸನಗಳಲ್ಲಿ ತುಂಬಿರುವುದು. ವಾಹಕನ ಹೊಣೆಯೆಂಬುದು ಆ ನಾಡಿನ ಹಾದಿಗಳಲ್ಲಿ ದಿನವೂ ಎದುರಾಗುತ್ತಿದ್ದ ಪ್ರಶ್ನೆ.

ಅದೇ ಸ್ಮೃತಿಯ ಋಣಪ್ರಕರಣದಲ್ಲಿ ಕಾಡುದಾರಿಯಲ್ಲಿ ಹೋಗುವ ವರ್ತಕರಿಗೆ ತಿಂಗಳಿಗೆ ನೂರಕ್ಕೆ ೧೦ರಂತೆಯೂ ಕಡಲ ಮೇಲೆ ಹೋಗುವವರಿಗೆ ೨೦ರಂತೆಯೂ ಬಡ್ಡಿಯನ್ನು ವಿಧಿಸಿದೆ. ಸಾಮಾನ್ಯ ಬಡ್ಡಿಗಿಂತ ಇದು ಬಹುಪಾಲು ಹೆಚ್ಚು. ಸಾಲವಾಗಿ ಕೊಟ್ಟ ಮೂಲಧನವೇ ಮುಳುಗಿಹೋಗಬಹುದೆಂಬ ಭಯವೇ ಇದಕ್ಕೆ ಕಾರಣ. ಹೀಗೆ ಅಪಾಯಕ್ಕೆ ಬೆಲೆ ಕಟ್ಟುವ ವಿದ್ಯೆಯು ನಮ್ಮಲ್ಲಿ ಇದ್ದಿತು. ಆದರೆ ಅದು ಬಡ್ಡಿಯೊಳಗೆ ಅಡಗಿಕೊಂಡಿದ್ದಿತೇ ಹೊರತು ವಿಮೆಯೆಂಬ ಪ್ರತ್ಯೇಕ ಒಪ್ಪಂದವಾಗಿ ಬೆಳೆದಿರಲಿಲ್ಲ.

ಇನ್ನು ಆಂಗ್ಲ ನ್ಯಾಯದ ಕಡೆಗೆ ತಿರುಗೋಣ. ೧೭೦೩ರಲ್ಲಿ ಹೋಲ್ಟ್ ಎಂಬ ಮುಖ್ಯ ನ್ಯಾಯಾಧೀಶನು, ಸರ್ವರಿಗೂ ಕೂಲಿಗೆ ಸಾಗಿಸುವ ವಾಹಕನು ದೈವಕೃತ್ಯ ಮತ್ತು ರಾಜನ ಶತ್ರುಗಳ ಕೃತ್ಯ, ಇವೆರಡನ್ನು ಬಿಟ್ಟು ಉಳಿದೆಲ್ಲ ನಷ್ಟಕ್ಕೂ ಹೊಣೆಯೆಂದು ವಿವರಿಸಿದನು. ೧೭೮೫ರಲ್ಲಿ ಮ್ಯಾನ್ಸ್‌ಫೀಲ್ಡ್ ಪ್ರಭುವಿನ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ ಸರಕು ಬೆಂಕಿಯಿಂದ ಸುಟ್ಟುಹೋಗಿದ್ದಿತು. ಬೆಂಕಿಯು ಬೇರೊಂದೆಡೆ ಹುಟ್ಟಿ ಹರಡಿ ಬಂದುದು; ವಾಹಕನದು ಎಳ್ಳಷ್ಟೂ ತಪ್ಪಿರಲಿಲ್ಲವೆಂಬುದನ್ನು ಎಲ್ಲರೂ ಒಪ್ಪಿದ್ದರು. ಆದರೂ ವಾಹಕನು ವಿಮೆದಾರನಂತೆಯೇ ಹೊಣೆಯೆಂದು ತೀರ್ಪಾಯಿತು. ಮನುಷ್ಯನ ಕೈ ಸೋಕದ ಸಿಡಿಲು ಬಿರುಗಾಳಿಗಳು ಮಾತ್ರ ದೈವಕೃತ್ಯ. ಯಾರೋ ಹೊತ್ತಿಸಿದ ಬೆಂಕಿ ಹಾಗಲ್ಲವೆಂಬುದು ಅವನ ತರ್ಕ. ಇಷ್ಟು ಕಠಿಣವೇಕೆಂದರೆ, ವಾಹಕನು ಕಳ್ಳರೊಡನೆ ಒಳಗೊಳಗೆ ಕೂಡಿಕೊಂಡರೆ ಸರಕಿನ ಒಡೆಯನು ಅದನ್ನು ಸಾಧಿಸಿ ತೋರಿಸಲಾರನೆಂಬ ಶಂಕೆಯು ನ್ಯಾಯಾಧೀಶರ ಮನಸ್ಸಿನಲ್ಲಿದ್ದಿತು.

ಕಲ್ಯಾಣದಲ್ಲಿ ರಾಜ ಮತ್ತು ದೈವ. ಲಂಡನ್ನಿನಲ್ಲಿ ದೈವ ಮತ್ತು ರಾಜನ ಶತ್ರು. ಈ ಸಾಮ್ಯವನ್ನು ಕಂಡು ಒಬ್ಬರಿಂದ ಇನ್ನೊಬ್ಬರು ಪಡೆದರೆಂದು ಊಹಿಸುವುದು ಸಾಹಸವಾದೀತು. ದಾರಿಯ ಅಪಾಯಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯವಾದುದರಿಂದ ವಿನಾಯಿತಿಗಳೂ ಒಂದೇ ಬಗೆಯಾದುವೆಂದರೆ ಸಾಕು. ಭೇದವೇ ಹೆಚ್ಚು ಗಮನಾರ್ಹ. ವಿಜ್ಞಾನೇಶ್ವರನು ವಾಹಕನಲ್ಲಿ ದೋಷವನ್ನು ಹುಡುಕುತ್ತಾನೆ. ಮ್ಯಾನ್ಸ್‌ಫೀಲ್ಡನು ಹುಡುಕುವುದೇ ಇಲ್ಲ. ನ್ಯಾಯದ ದೃಷ್ಟಿಯಿಂದ ಮೊದಲನೆಯದೇ ಮೇಲೆಂದು ನನಗೆ ತೋರುವುದು. ಆದರೆ ಚಾಲುಕ್ಯರ ರಾಜಧಾನಿಯ ಈ ವಿವೇಚನೆಯಲ್ಲ, ಆಂಗ್ಲರ ಕಾಠಿಣ್ಯವೇ ಮುಂದೆ ಭಾರತದ ಕಾಯಿದೆಯಾಯಿತು.

ವಾಹಕರು ಸುಮ್ಮನಿರಲಿಲ್ಲ. ಬೆಲೆಬಾಳುವ ವಸ್ತುಗಳಿಗೆ ತಾವು ಹೊಣೆಯಲ್ಲವೆಂದು ತಮ್ಮ ಕಛೇರಿಗಳ ಗೋಡೆಗೆ ಪ್ರಕಟಣೆ ಅಂಟಿಸತೊಡಗಿದರು. ಇದರಿಂದ ಹುಟ್ಟಿದ ವ್ಯಾಜ್ಯಗಳಿಗೆ ಕೊನೆಗಾಣಿಸಲು ಇಂಗ್ಲೆಂಡಿನಲ್ಲಿ ೧೮೩೦ರಲ್ಲಿಯೂ ಭಾರತದಲ್ಲಿ ೧೮೬೫ರಲ್ಲಿಯೂ ವಾಹಕರ ಕಾಯಿದೆಗಳು ಆದವು. ಭಾರತದ ಕಾಯಿದೆಯ ಅನುಬಂಧದಲ್ಲಿ ಚಿನ್ನ, ಬೆಳ್ಳಿ, ಮುತ್ತು, ಗಡಿಯಾರ, ರೇಷ್ಮೆ, ಕಡೆಗೆ ನಮ್ಮವರಿಗೆ ಪ್ರಿಯವಾದ ಗಂಧದೆಣ್ಣೆಯೂ ಸೇರಿದ್ದವು. ೧೦೦ ರೂಪಾಯಿಗೆ ಮೀರಿದ ಇಂಥ ವಸ್ತುವಿನ ಬೆಲೆಯನ್ನೂ ಸ್ವರೂಪವನ್ನೂ ಮೊದಲೇ ತಿಳಿಸದಿದ್ದರೆ ವಾಹಕನಿಗೆ ಹೊಣೆಯಿಲ್ಲ. ಉಳಿದ ಸರಕಿನ ವಿಷಯದಲ್ಲಿ ಒಡೆಯನು ಸಹಿಮಾಡಿದ ವಿಶೇಷ ಕರಾರಿನಿಂದ ಹೊಣೆಯನ್ನು ಕಡಿಮೆ ಮಾಡಿಕೊಳ್ಳಬಹುದಾಗಿದ್ದಿತು. ಇಂಥ ಕರಾರಿಲ್ಲದೆಡೆ ಹಳೆಯ ಕಠಿಣ ನಿಯಮವೇ ನಿಲ್ಲುವುದೆಂದು ೧೮೯೧ರಲ್ಲಿ ಪ್ರೀವಿ ಕೌನ್ಸಿಲ್ ಐರಾವತಿ ನದಿಯ ಹಡಗು ಕಂಪನಿಯೊಂದರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಅಲ್ಲಿಯೂ ಸುಟ್ಟುದು ಹತ್ತಿ, ಕಾರಣ ಬೆಂಕಿ. ಲಾರಿ ರಶೀತಿಗಳ ಮೇಲೆ “ಮಾಲೀಕನ ಜವಾಬ್ದಾರಿ” ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಮಾತಿನ ಹಿಂದೆ ಇಷ್ಟು ಚರಿತ್ರೆ ಇರುವುದು.

೧೮೬೫ರ ಕಾಯಿದೆಯನ್ನು ತೆಗೆದುಹಾಕಿ ೨೦೦೭ರಲ್ಲಿ ರಸ್ತೆ ಸಾಗಣೆಯ ಹೊಸ ಕಾಯಿದೆಯನ್ನು ಮಾಡಿದರು. ಅದು ೨೦೧೧ರಲ್ಲಿ ಜಾರಿಗೆ ಬಂದಿತು. ಇದರಲ್ಲಿ ದೈವ, ಯುದ್ಧ, ದಂಗೆ, ನ್ಯಾಯಾಸ್ಥಾನದ ಜಪ್ತಿ, ಸರ್ಕಾರದ ಆಜ್ಞೆ ಇವು ವಿನಾಯಿತಿಗಳು. ರಾಜದೈವಗಳೇ ಹೆಸರು ಬದಲಿಸಿಕೊಂಡು ನಿಂತಿವೆಯೆಂದು ಯಾರಾದರೂ ಕಾಣಬಹುದು. ಹೊಸತಾದುದು ಪರಿಹಾರದ ಮಿತಿ. ಸರಕಿನ ಒಡೆಯನು ಹೆಚ್ಚಿನ ಅಪಾಯದ ದರವನ್ನು ತೆರಲು ಬರೆದುಕೊಡದಿದ್ದರೆ, ವಾಹಕನ ಹೊಣೆಯು ನಿಯಮಗಳ ಮೇರೆಗೆ ಸಾಗಣೆಯ ಕೂಲಿಯ ಹತ್ತರಷ್ಟಕ್ಕೆ ಸೀಮಿತ. ೮ ಲಕ್ಷ ರೂಪಾಯಿನ ಕಾರೊಂದನ್ನು ೮ ಸಾವಿರ ರೂಪಾಯಿನ ಕೂಲಿಗೆ ಬೇರೊಂದು ಊರಿಗೆ ಕಳುಹಿಸಿದನೆಂದು ಇಟ್ಟುಕೊಳ್ಳೋಣ. ಟ್ರೈಲರು ಕಣಿವೆಗೆ ಉರುಳಿದರೆ ವಾಹಕನಿಂದ ದೊರೆಯುವುದು ೮೦ ಸಾವಿರ. ಉಳಿದ ೭ ಲಕ್ಷ ೨೦ ಸಾವಿರವೇ ನಾನು ಮೇಲೆ ಹೇಳಿದ ತೆರವಾದ ಎಡೆ.

ಈಗ ವಾಹನವನ್ನೇ ಸರಕೆಂದು ನೋಡಬೇಕು. ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೋಟಾರು ಕಾರುಗಳನ್ನು ಮಾಡಿ ಮಾರುತ್ತಿದ್ದ ಅಲೆಕ್ಸಾಂಡರ್ ವಿಂಟನ್ ಎಂಬವನು ೧೮೯೮–೯೯ರ ಸುಮಾರಿನಲ್ಲಿ, ದೂರದ ಗಿರಾಕಿಗೆ ಓಡಿಸಿಕೊಂಡು ಹೋದರೆ ಹೊಸ ಕಾರು ಹಳತಾಗುವುದೆಂದು ಎಣಿಸಿ, ಅದನ್ನು ಹೊತ್ತೊಯ್ಯಲು ಹಿಂಬಂಡಿಯನ್ನು ಕಟ್ಟಿದನೆಂದು ಹೇಳುವರು. ತನ್ನ ಗಾಲಿಗಳ ಮೇಲೆ ತಾನೇ ಹೋಗಬಲ್ಲ ವಸ್ತುವನ್ನು ಇನ್ನೊಂದರ ಮೇಲೆ ಹೇರುವ ಈ ಉದ್ಯಮವು ಹೊಸತನವನ್ನು ಉಳಿಸುವುದಕ್ಕಾಗಿಯೇ ಹುಟ್ಟಿತು. ಆದುದರಿಂದ ಇಲ್ಲಿ ಒಂದು ಗೀರೂ ನಷ್ಟವೇ. ಈ ಸರಕಿಗೆ ಪೆಟ್ಟಿಗೆಯಿಲ್ಲ, ಗೋಣಿಯಿಲ್ಲ. ತೆರೆದ ಟ್ರೈಲರಿನಲ್ಲಿ ಆಲಿಕಲ್ಲೂ ಮುಂದಿನ ಲಾರಿ ಚಿಮ್ಮಿಸಿದ ಜಲ್ಲಿಯೂ ನೇರವಾಗಿ ತಾಕುವುವು. ಹೇರುವ ಮುನ್ನ ಪ್ರತಿಯೊಂದು ಕಾರಿನ ಗಾಯಗಳನ್ನು ಪಟ್ಟಿಮಾಡಿ ಸಹಿ ಪಡೆಯುವ ಪದ್ಧತಿಯು ಈ ವೃತ್ತಿಯಲ್ಲಿ ಇರುವುದು ಇದರಿಂದಲೇ.

ವಾಹನದ ವಿಮೆ ಕಡ್ಡಾಯವೆಂದು ಕೇಳಿದ ಜನರು, ಟ್ರೈಲರಿಗೆ ವಿಮೆಯಿದ್ದರೆ ಅದರ ಮೇಲಿನ ಕಾರುಗಳಿಗೂ ಇದ್ದೇ ಇರುವುದೆಂದು ನಂಬುವರು. ಇದು ದೊಡ್ಡ ಭ್ರಮೆ. ಭಾರತದ ೧೯೩೯ರ ಮೋಟಾರು ವಾಹನಗಳ ಕಾಯಿದೆಯ ವಿಮಾಭಾಗವು ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಾಗ ಕಡ್ಡಾಯವಾದುದು ಪರರ ಸಾವು ಗಾಯಗಳಿಗೆ ಸಂಬಂಧಿಸಿದ ವಿಮೆ. ಹೊತ್ತ ಸರಕಿನ ಮಾತು ಅಲ್ಲಿರಲಿಲ್ಲ. ಅಮೆರಿಕದಲ್ಲಿ ೧೯೩೫ರ ಮೋಟಾರು ವಾಹಕರ ಕಾಯಿದೆಯು ಎರಡನ್ನೂ ಬೇರೆಬೇರೆಯಾಗಿ ಎಣಿಸಿತು: ದಾರಿಹೋಕರಿಗಾಗಿ ಒಂದು ಭದ್ರತೆ, ಸರಕಿಗಾಗಿ ಇನ್ನೊಂದು. ಆದರೆ ಸರಕಿನ ಭದ್ರತೆಯು ಒಂದು ವಾಹನದಲ್ಲಿಯ ಸರಕಿಗೆ ೫,೦೦೦ ಡಾಲರು, ಒಂದು ಅವಘಡಕ್ಕೆ ೧೦,೦೦೦ ಡಾಲರು ಎಂಬ ಮಟ್ಟದಲ್ಲಿ ಬಹುಕಾಲ ನಿಂತುಬಿಟ್ಟಿತು. ಎಂಟೊಂಬತ್ತು ಕಾರುಗಳನ್ನು ಹೊತ್ತ ಟ್ರೈಲರಿಗೆ ಇದು ಒಂದು ಕಾರಿನ ಬೆಲೆಗೂ ಸಾಲದು. ಕಡೆಗೆ ೨೦೧೧ರಲ್ಲಿ, ಗೃಹಕೃತ್ಯದ ಸಾಮಾನುಗಳನ್ನು ಸಾಗಿಸುವವರ ಹೊರತು ಉಳಿದ ವಾಹಕರ ಮೇಲಿನ ಈ ಕಡ್ಡಾಯವನ್ನು ತೆಗೆದೇಹಾಕಿದರು. ದಾರಿಹೋಕರ ಭದ್ರತೆಯಾದರೋ ೧೯೮೦ರ ಕಾಯಿದೆಯಿಂದ ಭಾರವಾದ ಲಾರಿಗಳಿಗೆ ೭,೫೦,೦೦೦ ಡಾಲರಿಗೆ ಏರಿದ್ದಿತು. ಕಾರುಗಳ ಒಡೆಯನಿಗೂ ವಾಹಕನಿಗೂ ನಡುವಣ ಸಂಬಂಧವನ್ನು ಅವರವರ ಕರಾರಿಗೇ ಬಿಟ್ಟಂತಾಯಿತು.

ಒಡೆಯನು ತಾನೇ ಸಾಗಣೆಯ ವಿಮೆಯನ್ನು ಕೊಂಡರೆ ವಾಹಕನು ನಿಶ್ಚಿಂತನೆಂದು ಎಣಿಸುವುದೂ ಸರಿಯಲ್ಲ. ವಿಮೆದಾರನು ಒಡೆಯನಿಗೆ ಹಣ ಕೊಟ್ಟೊಡನೆ ಒಡೆಯನ ಸ್ಥಾನದಲ್ಲಿಯೇ ನಿಂತು ವಾಹಕನ ಮೇಲೆ ಬೀಳಬಲ್ಲನು. ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ, ಹತ್ತಿನೂಲು ಸಾಗಿಸಿದ ವಾಹಕನೊಬ್ಬನ ಮೊಕದ್ದಮೆಯಲ್ಲಿ ಈ ಹಕ್ಕಿನ ಬಗೆಗಳನ್ನು ವಿಸ್ತಾರವಾಗಿ ವಿವೇಚಿಸಿದೆ. ಆದುದರಿಂದ ವಾಹನ ಸಾಗಿಸುವ ಉದ್ಯಮಿಗೆ ಬೇಕಾದ ವಿಮೆ ಮೂರು ಬಗೆಯದು: ತನ್ನ ಟ್ರೈಲರಿನದು, ದಾರಿಹೋಕರದು, ಮತ್ತು ಪರರ ಕಾರುಗಳ ವಿಷಯದಲ್ಲಿ ತನಗಿರುವ ಕಾನೂನಿನ ಹೊಣೆಯದು. ಕೆಟ್ಟ ಕಾರನ್ನು ಎಳೆದೊಯ್ಯುವ ಅಮೆರಿಕದ ವೃತ್ತಿಯವರು ಮೂರನೆಯದಕ್ಕೆ “ಕೊಕ್ಕೆಯ ಮೇಲಿನ” ವಿಮೆಯೆಂದು ಹೆಸರಿಟ್ಟಿರುವರು. ಕಾರು ಕೊಕ್ಕೆಗೆ ಸಿಕ್ಕಿರುವಷ್ಟು ಕಾಲ ಮಾತ್ರ ಅದರ ಆಯುಸ್ಸು. ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಕೊಂಡ ಸಣ್ಣ ಉದ್ಯಮಿಯು ಒಂದೇ ಅಪಘಾತದಿಂದ ಮನೆಮಾರು ಕಳೆದುಕೊಳ್ಳಬಹುದು.

ನೆಲದ ಮೇಲೆ ಎಂಟು ಹತ್ತು ಕಾರುಗಳಾದರೆ ಕಡಲಿನಲ್ಲಿ ಸಾವಿರಗಟ್ಟಲೆ. ೨೦೦೨ರ ಡಿಸೆಂಬರ್ ೧೪ರಂದು ಇಂಗ್ಲಿಷ್ ಕಾಲುವೆಯಲ್ಲಿ ಮಂಜಿನೊಳಗೆ ಡಿಕ್ಕಿಯಾಗಿ ಟ್ರೈಕಲರ್ ಎಂಬ ಹಡಗು ೨,೮೭೧ ಕಾರುಗಳೊಡನೆ ಮುಳುಗಿತು. ೨೦೦೬ರ ಜುಲೈಯಲ್ಲಿ ಕೂಗರ್ ಏಸ್ ಎಂಬ ಹಡಗು ಅಲ್ಯೂಷಿಯನ್ ದ್ವೀಪಗಳ ಬಳಿ ಒಂದು ಪಕ್ಕಕ್ಕೆ ಒರಗಿಬಿಟ್ಟಿತು. ಅದು ಮುಳುಗಲಿಲ್ಲ. ಅದರೊಳಗಿನ ೪,೭೦೩ ಮಾಜ್ದಾ ಕಾರುಗಳಲ್ಲಿ ಬಹುಪಾಲು ಹೊರನೋಟಕ್ಕೆ ಚೆನ್ನಾಗಿಯೇ ಇದ್ದವು. ಆದರೆ ವಾರಗಟ್ಟಲೆ ಓರೆಯಾಗಿ ತೂಗಿದ ಯಂತ್ರಗಳ ಭದ್ರತೆಗೆ ಯಾರು ಮಾತು ಕೊಡುವರು? ತಯಾರಕರು ಒಂದನ್ನೂ ಮಾರದೆ ಎಲ್ಲವನ್ನೂ ಪೋರ್ಟ್‌ಲೆಂಡಿನಲ್ಲಿ ಪುಡಿಮಾಡಿಸಿದರು. ಹತ್ತಿ ಸುಟ್ಟರೆ ನಷ್ಟವು ಕಣ್ಣಿಗೆ ಕಾಣುವುದು; ಇಲ್ಲಿ ಶಂಕೆಯೇ ನಷ್ಟವಾಯಿತು. ವಾಹನ ಸಾಗಣೆಯ ವಿಮೆಯ ವಿಶೇಷವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆಯನ್ನು ನಾನು ಕಾಣೆ.

೨೦೨೨ರ ಫೆಬ್ರವರಿಯಲ್ಲಿ ಅಜೋರ್ಸ್ ದ್ವೀಪಗಳ ಬಳಿ ಫೆಲಿಸಿಟಿ ಏಸ್ ಎಂಬ ಹಡಗಿಗೆ ಬೆಂಕಿ ಹತ್ತಿತು. ನಾವಿಕರೆಲ್ಲರೂ ಉಳಿದರು, ಸುಮಾರು ೪,೦೦೦ ಕಾರುಗಳನ್ನು ಹೊತ್ತಿದ್ದ ಹಡಗು ಮಾರ್ಚ್ ೧ರಂದು ಮುಳುಗಿತು. ಬೆಂಕಿಯು ಸರಕಿನಲ್ಲಿದ್ದ ವಿದ್ಯುತ್ ಕಾರೊಂದರ ಬ್ಯಾಟರಿಯಿಂದಲೇ ಹುಟ್ಟಿತೆಂದು ಆಪಾದಿಸಿ ಹಡಗಿನ ಪಕ್ಷದವರು ಕಾರಿನ ತಯಾರಕರ ಮೇಲೆ ಜರ್ಮನಿಯಲ್ಲಿ ದಾವೆ ಹೂಡಿದರು. ಇಲ್ಲಿ ಪ್ರಶ್ನೆಯು ತಲೆಕೆಳಗಾಗಿರುವುದು. ಸರಕಿನ ಸ್ವಭಾವದೋಷದಿಂದ ಸರಕೇ ಕೆಟ್ಟರೆ ವಾಹಕನು ಹೊಣೆಯಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೬೪ರಲ್ಲಿಯೇ ವಿನಾಯಿತಿಗಳ ಸಾಲಿನಲ್ಲಿ ಎಣಿಸಿದ್ದಿತು. ಸರಕು ತನ್ನೊಡನೆ ವಾಹಕನ ಹಡಗನ್ನೂ ಪಕ್ಕದಲ್ಲಿದ್ದ ಪರರ ಸರಕನ್ನೂ ಸುಟ್ಟರೆ ತೆರಬೇಕಾದವನು ಯಾರೆಂಬುದಕ್ಕೆ, ಕತ್ತೆ ಕೋಣಗಳ ಮೇಲಿನ ಹೇರುಗಳನ್ನು ಮಾತ್ರ ಕಂಡಿದ್ದ ಮಿತಾಕ್ಷರಕಾರನು ಅವಕಾಶವನ್ನೇ ಇಟ್ಟಿರಲಿಲ್ಲ. ವಿದ್ಯುತ್ ಕಾರುಗಳನ್ನು ಹೇರಿಕೊಳ್ಳುವ ಹಡಗಿನವರೂ ಅವರ ವಿಮೆದಾರರೂ ಅದನ್ನು ಈಗ ತಮ್ಮ ಕರಾರುಗಳಲ್ಲಿ ಸೇರಿಸಬೇಕಾಗಿ ಬಂದಿದೆ.