ಮಲ್ಲವಿನೋದವೂ ಶಾಸ್ತ್ರವಿನೋದವೂ

ಒಬ್ಬ ವಿದ್ವಾಂಸನ ಶಿಷ್ಯನನ್ನು ಕುರಿತು 'ಇಂಥವರ ಗರಡಿಯಲ್ಲಿ ಪಳಗಿದವನು' ಎಂದು ಹೇಳುವುದು ಕನ್ನಡದಲ್ಲಿ ರೂಢಿಯಾಗಿದೆ. ವ್ಯಾಕರಣವನ್ನೋ ತರ್ಕವನ್ನೋ ಓದಿದವನಿಗೆ ಮಲ್ಲರ ಸಾಧನೆಯ ಸ್ಥಳದ ಹೆಸರನ್ನು ಅನ್ವಯಿಸುವುದು ವಿಚಿತ್ರವೆಂದು ಯಾರಿಗೂ ತೋರುವುದಿಲ್ಲ. ಆದರೂ ಕುಸ್ತಿಯ ಕಣವೆಂಬುದು ಅಕ್ಷರಶತ್ರುಗಳ ಎಡೆ, ಪಾಠಶಾಲೆಯೇ ವಿದ್ಯೆಯ ನೆಲೆ ಎಂಬ ಭೇದಭಾವನೆಯು ನಮ್ಮಲ್ಲಿ ಬೇರೂರಿದೆ. ಈ ಭಾವನೆಯು ನಮ್ಮ ಪ್ರಾಚೀನ ಗ್ರಂಥಗಳಿಗೆ ಸಮ್ಮತವಾದುದಲ್ಲವೆಂಬುದನ್ನೂ, ವೃತ್ತಿಮಲ್ಲರು ರಾಜಸಭೆಯ ಮುಂದೆ ನಡೆಯಿಸುತ್ತಿದ್ದ ಕಾಳಗವು ನೋಡತಕ್ಕ ಕ್ರಮದಿಂದ ನೋಡುವವರಿಗೆ ಅನೇಕ ಶಾಸ್ತ್ರಗಳ ಉದಾಹರಣೆಯಾಗಿತ್ತೆಂಬುದನ್ನೂ ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಬಾಣಭಟ್ಟನ ಕಾದಂಬರಿಯನ್ನು ನೋಡೋಣ. ತಾರಾಪೀಡನು ತನ್ನ ಮಗನಾದ ಚಂದ್ರಾಪೀಡನ ವಿದ್ಯಾಭ್ಯಾಸಕ್ಕಾಗಿ ನಗರದ ಹೊರಗೆ, ಸಿಪ್ರಾನದಿಯ ಸಮೀಪದಲ್ಲಿ ವಿದ್ಯಾಮಂದಿರವೊಂದನ್ನು ಕಟ್ಟಿಸುತ್ತಾನೆ. ಆ ಮಂದಿರದ ಕೆಳಭಾಗದಲ್ಲಿಯೇ ವ್ಯಾಯಾಮಶಾಲೆಯು ರಚಿತವಾಗಿತ್ತೆಂದು ಕವಿಯು ಹೇಳುತ್ತಾನೆ. ರಾಜಪುತ್ರನು ಕಲಿತ ವಿದ್ಯೆಗಳನ್ನು ಎಣಿಸುವಾಗ ವ್ಯಾಕರಣ, ಮೀಮಾಂಸೆ, ತರ್ಕ, ಧರ್ಮಶಾಸ್ತ್ರ, ರಾಜನೀತಿ ಇವುಗಳ ಬೆನ್ನಿಗೇ ವ್ಯಾಯಾಮವಿದ್ಯೆಗಳನ್ನು ಎಣಿಸುತ್ತಾನೆ. ಒಂದೇ ಮನೆಯಲ್ಲಿ ಮೇಲೆ ಶಾಸ್ತ್ರಪಾಠ, ಕೆಳಗೆ ದೇಹಸಾಧನೆ: ಈ ಕಲ್ಪನೆಯು ಏಳನೆಯ ಶತಮಾನದ್ದು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಈ ಕಥೆಯನ್ನು ಕನ್ನಡಕ್ಕೆ ತಂದನು.

ಕರ್ಣಾಟಕದಲ್ಲಿ ಈ ವಿಷಯಕ್ಕೆ ಮುಖ್ಯ ಪ್ರಮಾಣವು ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಗ್ರಂಥದೊಳಗಣ ಜ್ಯೋತಿರ್ಗಣಿತಕ್ಕೆ ಶಕ ೧೦೫೧, ಎಂದರೆ ಕ್ರಿ. ಶ. ೧೧೨೯, ಆಧಾರವರ್ಷವಾಗಿರುವುದರಿಂದ ರಚನೆಯ ಕಾಲವು ಸ್ಪಷ್ಟವಾಗುತ್ತದೆ. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಹೀಗೆ ಒಟ್ಟು ನೂರು ಅಧ್ಯಾಯಗಳು ಇದರಲ್ಲಿವೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಶಾಸ್ತ್ರವಿನೋದವೂ ಮಲ್ಲವಿನೋದವೂ ಒಂದೇ ಸಾಲಿನಲ್ಲಿ ನಿಂತಿವೆ. ಕವಿಗಳೂ ವಾದಿಗಳೂ ಸೇರಿದ ಸಭೆ ಒಂದು; ಮಲ್ಲರು ಸೇರಿದ ಸಭೆ ಮತ್ತೊಂದು; ಎರಡಕ್ಕೂ ಸಭಾಪತಿಯು ಒಬ್ಬನೇ ಅರಸನು. ಈತನಿಗೆ ಸರ್ವಜ್ಞನೆಂಬ ಪ್ರಸಿದ್ಧಿಯಿದ್ದಂತೆಯೇ ಭೂಲೋಕಮಲ್ಲನೆಂಬ ಬಿರುದೂ ಇತ್ತೆಂಬುದು ಗಮನಾರ್ಹವಾಗಿದೆ. ಆಹವಮಲ್ಲ, ಜಗದೇಕಮಲ್ಲ, ತ್ರಿಭುವನಮಲ್ಲ ಎಂಬ ಬಿರುದುಗಳಿಂದ ಆ ವಂಶವೇ ಮಲ್ಲಶಬ್ದವನ್ನು ಗೌರವಿಸಿತ್ತು.

ಮಲ್ಲವಿನೋದದಲ್ಲಿ ಸೋಮೇಶ್ವರನು ಕಾಳಗದ ಆರ್ಭಟವನ್ನು ವರ್ಣಿಸಿ ತೃಪ್ತನಾಗುವುದಿಲ್ಲ, ಶಾಸ್ತ್ರಕಾರನಂತೆ ವಿಭಾಗಮಾಡುತ್ತಾನೆ. ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮಲ್ಲರಲ್ಲಿ ತರತಮಗಳು. ಇನ್ನೂ ಬೆಳೆಯತಕ್ಕ ತರುಣನಿಗೆ ಭವಿಷ್ಣುವೆಂಬ ಹೆಸರು. ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ತೋಳುಗಳ ಬಾಹುಪೆಲ್ಲಣಕಶ್ರಮ, ಕಂಬವನ್ನು ಆಶ್ರಯಿಸಿದ ಸ್ತಂಭಶ್ರಮ ಎಂದು ಸಾಧನೆಯಲ್ಲಿಯೂ ಭೇದಗಳು. ಬೇಳೆ, ಮಾಂಸ, ಹಾಲು, ಸಕ್ಕರೆ ಮೊದಲಾದ ಆಹಾರವನ್ನು ಅರಸನೇ ಒದಗಿಸತಕ್ಕದ್ದು. ವಯಸ್ಸು, ಗಾತ್ರ, ಬಲ ಎಂಬ ಧರ್ಮಗಳಿಂದ ವ್ಯಕ್ತಿಗಳನ್ನು ವರ್ಗೀಕರಿಸುವುದು ಲಕ್ಷಣಶಾಸ್ತ್ರದ ಮೊದಲನೆಯ ಪಾಠವಲ್ಲವೆ?

ಶರೀರಶಾಸ್ತ್ರಕ್ಕಾದರೋ ಕಣವು ಪ್ರತ್ಯಕ್ಷವಾದ ಪುಸ್ತಕವಾಗಿತ್ತು. ಸುಶ್ರುತನು ದೇಹದಲ್ಲಿ ೨೧೦ ಸಂಧಿಗಳನ್ನೂ ೧೦೭ ಮರ್ಮಗಳನ್ನೂ ಎಣಿಸಿದ್ದಾನೆ. ವ್ಯಾಯಾಮವನ್ನು ತನ್ನ ಬಲದ ಅರ್ಧದಷ್ಟು ಮಾತ್ರವೇ ಮಾಡತಕ್ಕದ್ದೆಂದು ವಿಧಿಸಿದ್ದಾನೆ. ಶ್ಲೋಕದಲ್ಲಿ ಬಾಯಿಪಾಠವಾದ ಸಂಧಿಯು ಮಲ್ಲನ ಪಟ್ಟಿನಲ್ಲಿ ಕಣ್ಣಿಗೆ ಕಾಣುತ್ತದೆ: ಮೊಣಕೈಯು ಯಾವ ಕಡೆಗೆ ಮಡಿಯುವುದು, ಯಾವ ಕಡೆಗೆ ಮಡಿಯದು, ಭುಜವು ಎಷ್ಟು ದೂರ ತಿರುಗುವುದು ಎಂಬುದನ್ನು ಅಲ್ಲಿ ವಿವರಿಸಬೇಕಾಗಿಯೇ ಇಲ್ಲ. ಮೈಸೂರುಸೀಮೆಯ ಜೆಟ್ಟಿಗಳು ಉಳುಕಿದ, ತಪ್ಪಿದ ಕೀಲುಗಳನ್ನು ಕೂಡಿಸುವುದರಲ್ಲಿ ಹೆಸರಾಗಿದ್ದುದು ಆಕಸ್ಮಿಕವಲ್ಲ. ಕೀಲನ್ನು ಮುರಿಯಬಲ್ಲ ಕೈಯೇ ಕೀಲನ್ನು ಕೂಡಿಸಲೂ ಕಲಿತಿತ್ತು.

ಈ ಜೆಟ್ಟಿಶಬ್ದವೇ ಭಾಷಾಪಾಠವಾಗಿದೆ. ಶ್ರೇಷ್ಠಿಯು ಸೆಟ್ಟಿಯಾದಂತೆ ಜ್ಯೇಷ್ಠಿಯು ಜೆಟ್ಟಿಯಾಯಿತೆಂದು ಹೇಳಬಹುದು; ಷ್ಠಕಾರವು ಟ್ಟಕಾರವಾಗುವ ಕ್ರಮವು ಎರಡರಲ್ಲಿಯೂ ಒಂದೇ. ಮಾನಸೋಲ್ಲಾಸದ ಜ್ಯೇಷ್ಠಿಕನೂ, ಗೂರ್ಜರದೇಶದ ಮಲ್ಲಪುರಾಣಕ್ಕೆ ಸಂಬಂಧಿಸಿದ ಜ್ಯೇಷ್ಠಿಮಲ್ಲರೂ ಈ ವ್ಯುತ್ಪತ್ತಿಗೆ ಅನುಕೂಲವಾದ ಸಾಕ್ಷಿಗಳು. ತದ್ಭವಪ್ರಕರಣವನ್ನು ಕಲಿಸುವ ಉಪಾಧ್ಯಾಯರಿಗೆ ಇದಕ್ಕಿಂತ ಸುಲಭವಾದ ಉದಾಹರಣೆಯು ದೊರೆಯುವುದು ಕಷ್ಟ.

ತರ್ಕಕ್ಕೂ ಮಲ್ಲವಿದ್ಯೆಗೂ ಇರುವ ನಂಟು ಇನ್ನೂ ಗಾಢವಾದುದು. ಬ್ರಹ್ಮಸೂತ್ರದ ಪ್ರಥಮಾಧ್ಯಾಯದ ಕಡೆಯ ಸೂತ್ರದ ಭಾಷ್ಯದಲ್ಲಿ ಶಂಕರಾಚಾರ್ಯರು ಪ್ರಧಾನಮಲ್ಲನಿಬರ್ಹಣನ್ಯಾಯವನ್ನು ಉಪಯೋಗಿಸಿದ್ದಾರೆ. ಮುಖ್ಯಮಲ್ಲನನ್ನು ಕೆಡವಿದರೆ ಉಳಿದ ಮಲ್ಲರು ಸೋತಂತೆಯೇ. ಹಾಗೆಯೇ ಸಾಂಖ್ಯರ ವಾದವನ್ನು ನಿರಾಕರಿಸಿದರೆ ಪರಮಾಣುವಾದವೇ ಮೊದಲಾದವೂ ನಿರಾಕೃತವಾದಂತೆ ಎಂದು ತಾತ್ಪರ್ಯ. ಸಾಂಖ್ಯರು ಜಗತ್ಕಾರಣಕ್ಕೆ ಕೊಟ್ಟ ಹೆಸರೂ 'ಪ್ರಧಾನ'ವೇ ಆದುದರಿಂದ ಇಲ್ಲಿ ಶಬ್ದವು ಎರಡು ಕಡೆಗೂ ಸಲ್ಲುತ್ತದೆ. ಕಣದ ಪದ್ಧತಿಯನ್ನು ಕಂಡರಿಯದ ಶಿಷ್ಯನಿಗೆ ಈ ನ್ಯಾಯವು ಬರಿಯ ಮಾತು. ಕಂಡವನಿಗೆ ಅರ್ಥವು ಕೂಡಲೆ ಹೊಳೆಯುತ್ತದೆ. ಗೌತಮನ ನ್ಯಾಯಸೂತ್ರವು ಹೇಳುವ ೨೨ ನಿಗ್ರಹಸ್ಥಾನಗಳೂ ವಾದಿಯು ಸಿಕ್ಕಿಬೀಳುವ ಪಟ್ಟುಗಳೇ. ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂದು ಜೈನತಾರ್ಕಿಕರು ವಾದಕ್ಕೆ ಹೇಳಿದ ನಾಲ್ಕು ಅಂಗಗಳಿಗೆ ಸರಿಯಾಗಿ ಕಣದಲ್ಲಿ ಇಬ್ಬರು ಮಲ್ಲರು, ತೀರ್ಪುಗಾರರು, ಅರಸನು ಇದ್ದರು. ಚಾಲುಕ್ಯ ಜಯಸಿಂಹನ ಕಾಲದ ವಾದಿರಾಜನಿಗೆ ಜಗದೇಕಮಲ್ಲವಾದಿಯೆಂಬ ಬಿರುದು ಇದ್ದುದನ್ನೂ ಇಲ್ಲಿ ಸ್ಮರಿಸಬಹುದು. ಜೆಟ್ಟಿಯು ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯು ಸೋತುದನ್ನು ಒಪ್ಪದ ವಾದಿಗೂ ಚೆನ್ನಾಗಿ ಒಪ್ಪುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಅವಕಾಶವುಂಟು: ಇವೆಲ್ಲ ಪಂಡಿತರ ಕಲ್ಪನೆ, ನೆರೆದ ಜನರು ಕಂಡದ್ದು ರಕ್ತವನ್ನು ಮಾತ್ರವೇ ಎಂದು. ಇದನ್ನು ಸುಮ್ಮನೆ ತಳ್ಳಿಬಿಡಲಾಗದು. ಕ್ರಿ. ಶ. ೧೫೨೦ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿಯಾದ ಡೊಮಿಂಗೊ ಪೇಸನು, ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖವನ್ನು ವಿಕಾರಗೊಳಿಸುವ ಏಟುಗಳನ್ನು ಬರೆದಿದ್ದಾನೆ. ಆದರೆ ಅದೇ ಪ್ರವಾಸಿಯು, ಮಲ್ಲರನ್ನು ಸಮನಾಗಿ ನಿಲ್ಲಿಸುವುದಕ್ಕೂ ಗೆದ್ದವನಿಗೆ ಸಲ್ಲುವ ಮರ್ಯಾದೆಯನ್ನು ನಿರ್ಣಯಿಸುವುದಕ್ಕೂ ನಾಯಕರೂ ತೀರ್ಪುಗಾರರೂ ಇದ್ದರೆಂಬುದನ್ನೂ ಗುರುತಿಸಿದ್ದಾನೆ. ಭಾಷೆಯನ್ನರಿಯದ ಪರದೇಶೀಯನಿಗೂ ಕಾಳಗದೊಳಗಣ ನಿಯಮವು ಕಂಡಿತು. ಸಮಬಲರನ್ನು ಹುಡುಕಿ ಜೋಡಿ ಕಟ್ಟುವುದು ತೂಕ, ಅಳತೆ, ಅನುಮಾನ ಮೂರೂ ಕೂಡಿದ ಕೆಲಸ. ಮೈಸೂರಿನ ವಿಜಯದಶಮಿಯ ವಜ್ರಮುಷ್ಟಿಕಾಳಗದಲ್ಲಿ ಎದುರಾಳಿಯ ತಲೆಯಲ್ಲಿ ರಕ್ತವು ಕಂಡೊಡನೆ ಕಾಳಗವನ್ನು ನಿಲ್ಲಿಸುವುದೂ ಇಂಥ ಮರ್ಯಾದೆಯೇ. ರಕ್ತವು ಅಲ್ಲಿ ಉತ್ಸಾಹಕ್ಕೆ ಕಾರಣವಲ್ಲ, ವಿರಾಮಕ್ಕೆ ಸಂಕೇತ.

ಆದರೆ ಈ ವಿದ್ಯೆಯು ಎಲ್ಲರಿಗೂ ಸಮನಾಗಿ ದೊರೆತಿತೆಂದು ಹೇಳಲಾಗದು. ಮಲ್ಲನು ಪಟ್ಟನ್ನು ಬಲ್ಲನು. ಸಂಸ್ಕೃತದ ಲಕ್ಷಣಗ್ರಂಥವು ಅರಸನ ಮತ್ತು ಪಂಡಿತರ ಕೈಯಲ್ಲಿತ್ತು. ನೆರೆದ ಜನರಿಗೆ ಉಳಿದದ್ದು ನೋಟ ಮಾತ್ರ. ಈ ಮೂವರ ನಡುವೆ ಸೇತುವೆಯಾಗಬೇಕಾದವನು ಉಪಾಧ್ಯಾಯನೇ. ವಿನೋದವು ತಾನಾಗಿ ವಿದ್ಯೆಯಾಗುವುದಿಲ್ಲ. ಲಕ್ಷಣವನ್ನು ತಿಳಿದವನು ಪಕ್ಕದಲ್ಲಿ ನಿಂತು ತೋರಿಸಿದಾಗ ಆಗುತ್ತದೆ. ಲಕ್ಷಣವೂ ಲಕ್ಷ್ಯವಿಲ್ಲದೆ ಶಿಷ್ಯನ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ವಜ್ರಮುಷ್ಟಿಯು ಇಂದಿಗೂ ಮೈಸೂರರಮನೆಯಲ್ಲಿ ನಡೆಯುತ್ತಿದೆ. ನಾಡಿನ ಗರಡಿಗಳೂ ಪೂರ್ತಿಯಾಗಿ ಮುಚ್ಚಿಲ್ಲ. ಶಾಸ್ತ್ರವಿನೋದವನ್ನೂ ಮಲ್ಲವಿನೋದವನ್ನೂ ಒಂದೇ ವಿಂಶತಿಯಲ್ಲಿ ಇಟ್ಟ ಸೋಮೇಶ್ವರನ ಅಭಿಪ್ರಾಯವನ್ನು ವಿದ್ಯಾರ್ಥಿಗಳಿಗೆ ಕಣದ ಅಂಚಿನಲ್ಲಿಯೇ ವಿವರಿಸುವುದು ಇಂದಿನ ಅಧ್ಯಾಪಕರಿಗೆ ಅಸಾಧ್ಯವಾದ ಕಾರ್ಯವಲ್ಲ.