ಹಾಜರಿ ಪುಸ್ತಕದಲ್ಲಿ ಇಲ್ಲದ ಹೆಸರು

(ಬಾನುಲಿ ಭಾಷಣದ ಬರಹರೂಪ)

ಈ ಹೊತ್ತು ನಾನು ಹೇಳಹೊರಟಿರುವುದು ಒಂದು ಬಗೆಯ ಶಾಲೆಯ ಚರಿತ್ರೆಯನ್ನು. ಮಾತು ಬಾರದ, ಅಥವಾ ಬಂದರೂ ಅದನ್ನು ನಮ್ಮಂತೆ ಬಳಸದ, ಬೆಳವಣಿಗೆ ತನ್ನದೇ ಹದದಲ್ಲಿ ಸಾಗುವ ಮಕ್ಕಳ ಶಾಲೆ ಅದು. ಈ ಚರಿತ್ರೆಯನ್ನು ನಾನು ಪುಸ್ತಕಗಳಿಂದ ತಿಳಿದದ್ದು ತೀರ ತಡವಾಗಿ. ಅದಕ್ಕೂ ಮೊದಲೇ ಅದರ ಒಂದು ಸಣ್ಣ ಪುಟದಲ್ಲಿ ನಾನೇ ಹೆಮ್ಮೆಪಡಲಾಗದ ಪಾತ್ರವೊಂದನ್ನು ವಹಿಸಿದ್ದೆ. ಆದುದರಿಂದ ಅಲ್ಲಿಂದಲೇ ಆರಂಭಿಸುವುದು ನ್ಯಾಯ.

1974ನೆಯ ಇಸವಿ. ಇಂಡಿ ತಾಲ್ಲೂಕಿನ ತಾಂಬಾ ಸೀಮೆಯ ಒಂದು ಹಳ್ಳಿಗೆ ನಾನು ಹೊಸದಾಗಿ ಮಾಸ್ತರನಾಗಿ ಬಂದಿದ್ದೆ. 1972ರ ಬರದ ಕಳೆ ಜನರ ಮುಖದಿಂದ ಇನ್ನೂ ಹೋಗಿರಲಿಲ್ಲ. ಜೋಳ ಕೈಗೆ ಬಂದ ವರ್ಷ ಮಕ್ಕಳು ಶಾಲೆಗೆ ಬರುವರು, ಬಾರದ ವರ್ಷ ತಂದೆತಾಯಿಗಳ ಬೆನ್ನಹಿಂದೆ ದುಡಿಮೆಗೆ ಹೋಗುವರು. ಮನೆಮನೆಗೆ ತಿರುಗಿ ಮಕ್ಕಳನ್ನು ಕರೆತರುವುದೇ ನಮಗೆ ಅರ್ಧ ಕೆಲಸ. ಅಂಥ ದಿನಗಳಲ್ಲಿ ಯಾರೂ ಕರೆಯದೆ ತಾನಾಗಿಯೇ ಬಂದವಳು ಒಬ್ಬ ಕೂಲಿಯ ಹೆಣ್ಣುಮಗಳು. ಅವಳ ಕೈ ಹಿಡಿದಿದ್ದವನು ಏಳು ವರ್ಷದ ಮಗ.

ಹುಡುಗ ಮುಖವೆತ್ತಿ ನೋಡುತ್ತಿರಲಿಲ್ಲ. ‘ನಿನ್ನ ಹೆಸರೇನು?’ ಎಂದು ಕೇಳಿದರೆ ‘ನಿನ್ನ ಹೆಸರೇನು’ ಎಂದು ನನ್ನದೇ ರಾಗದಲ್ಲಿ ಮರುನುಡಿಯುವನು. ಅಂಗಳದ ಬೇವಿನ ಬೀಜಗಳನ್ನು ಆಯ್ದು ತಂದು ಗಾತ್ರಕ್ಕೆ ತಕ್ಕಂತೆ ಸಾಲಾಗಿ ಜೋಡಿಸುವನು. ಯಾರಾದರೂ ಒಂದನ್ನು ಸರಿಸಿದರೆ ಚೀರಿಡುವನು. ಗಂಟೆ ಬಾರಿಸಿದೊಡನೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವನು. ಮೂರು ವಾರ ನೋಡಿದೆ. ಆಮೇಲೆ, ‘ಇವನನ್ನು ಇನ್ನು ಕಳಿಸಬೇಡವ್ವಾ’ ಎಂದೆ. ಅವಳು ಜಗಳವಾಡಲಿಲ್ಲ. ‘ಕಲೀಲಿಲ್ಲಂದ್ರ ಬಿಡ್ರಿ ಮಾಸ್ತರ್ರ, ಕೂಡಾಕರೆ ಒಂದೀಟು ಜಾಗಾ ಕೊಡ್ರಿ’ ಎಂದಳು, ಅಷ್ಟೆ. ನಾನು ಕೊಡಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರನ್ನು ಬರೆದಿರಲೂ ಇಲ್ಲ.

ಕಾನೂನೂ ನನ್ನ ಕಡೆಗೇ ಇತ್ತು. ಆ ಕಾಲದ ಕಡ್ಡಾಯ ಶಿಕ್ಷಣದ ಕಾಯ್ದೆಗಳು, ಉದಾಹರಣೆಗೆ 1960ರ ದೆಹಲಿಯ ಕಾಯ್ದೆ, ಮಗು ಶಾಲೆಗೆ ಬಾರದಿರಲು ಕೆಲವು ಸಕಾರಣಗಳನ್ನು ಒಪ್ಪಿಕೊಂಡಿದ್ದವು. ಶರೀರದ ಅಥವಾ ಮನಸ್ಸಿನ ನ್ಯೂನತೆ ಅವುಗಳಲ್ಲೊಂದು. ಹತ್ತಿರದಲ್ಲಿ ವಿಶೇಷ ಶಾಲೆಯಿದ್ದರೆ ಅಲ್ಲಿಗೆ ಕಳಿಸಬಹುದೆಂಬ ಮಾತೂ ಅದರಲ್ಲಿತ್ತು. ಆದರೆ ಅಂಥ ಶಾಲೆ ನಮ್ಮ ಸೀಮೆಯವರ ಕನಸಿನಲ್ಲಿಯೂ ಇರಲಿಲ್ಲ. ಎಲ್ಲ ಮಕ್ಕಳನ್ನೂ ಶಾಲೆಗೆ ತರಲು ಹುಟ್ಟಿದ ಕಾನೂನು ಒಂದು ಮಗುವನ್ನು ಮಾತ್ರ ಸೌಜನ್ಯದಿಂದ ಹೊರಗೆ ಬಿಟ್ಟಿತ್ತು.

ನಿವೃತ್ತನಾದ ಬಳಿಕ ಓದುತ್ತಾ ಹೋದಂತೆ ನನಗೆ ತಿಳಿದುಬಂದ ಸಂಗತಿಯೊಂದು ನನ್ನನ್ನು ನಾಚಿಸಿತು. ಇಂಥ ಮಕ್ಕಳಿಗೆ ಕಲಿಸುವ ಯತ್ನ ತೀರ ಹಳೆಯದು. ಅಷ್ಟೇ ಅಲ್ಲ, ಉಳಿದೆಲ್ಲ ಮಕ್ಕಳಿಗೆ ಕಲಿಸುವ ವಿದ್ಯೆಯ ಒಂದು ಭಾಗ ಅಲ್ಲಿಂದಲೇ ಬಂದದ್ದು. 1800ರಲ್ಲಿ ಫ್ರಾನ್ಸಿನ ಅವೆರೋನ್ ಪ್ರಾಂತದ ಕಾಡಿನಂಚಿನಲ್ಲಿ ಮಾತಿಲ್ಲದ ಬಾಲಕನೊಬ್ಬ ಸಿಕ್ಕಿದ. ಅವನ ಸ್ಥಿತಿ ತಿದ್ದಲಾಗದ್ದೆಂಬುದು ಹೆಸರಾಂತ ಪಂಡಿತರ ತೀರ್ಪಾಗಿತ್ತು. ಇಟಾರ್ ಎಂಬ ತರುಣ ವೈದ್ಯ ಅದನ್ನು ಒಪ್ಪದೆ ಸುಮಾರು ಐದು ವರ್ಷ ಅವನೊಡನೆ ದುಡಿದ. ಬಾಲಕ ಮಾತುಗಾರನಾಗಲಿಲ್ಲ. ಆದರೆ ಅಕ್ಷರಗಳನ್ನು ಜೋಡಿಸಿ ಹಾಲು ಎಂಬ ಪದವನ್ನು ಮಾಡಬಲ್ಲವನಾದ. ಇಟಾರನ ಶಿಷ್ಯ ಸೆಗ್ವಿನ್ ಆ ಕ್ರಮವನ್ನು ಬೆಳೆಸಿ ಮುಂದೆ ಅಮೆರಿಕೆಗೆ ಒಯ್ದ. 1866ರಲ್ಲಿ ಅದರ ಬಗೆಗೆ ಗ್ರಂಥ ಬರೆದ. ಇವರಿಬ್ಬರ ಬರಹಗಳನ್ನೂ ಕೈಯಾರೆ ನಕಲು ಮಾಡಿಕೊಂಡು ಓದಿದಾಕೆ ಮರಿಯಾ ಮಾಂಟೆಸ್ಸೊರಿ. ಆಕೆ ಮೊದಲು ಕಲಿಸಿದ್ದು ಬುದ್ಧಿ ಮಂದವೆನಿಸಿದ ಮಕ್ಕಳಿಗೆ. 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಶಿಶುಮಂದಿರ ತೆರೆದದ್ದು ಆ ಬಳಿಕ. 1939ರಲ್ಲಿ ಆಕೆ ಮದರಾಸಿನ ಅಡಯಾರಿಗೆ ಬಂದು ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದಳು.

ಬಾಲವಾಡಿಯಲ್ಲಿ ಮಣಿ ಪೋಣಿಸುವ, ಉರುಟು ಕಾಗದದ ಅಕ್ಷರಗಳ ಮೇಲೆ ಬೆರಳಾಡಿಸುವ ಪಾಠಗಳನ್ನು ನಾವೆಲ್ಲ ಕಂಡಿದ್ದೇವೆ. ಅವುಗಳ ಬೇರು ಇರುವುದು, ಕಲಿಯಲಾರವೆಂದು ಹೊರಹಾಕಿದ ಮಕ್ಕಳ ನಡುವೆ. ನಾನು ಹೊರಗೆ ಕಳಿಸಿದ ಹುಡುಗ ಒಂದು ಅರ್ಥದಲ್ಲಿ ನನ್ನ ಗುರುಗಳ ಗುರುವಿನ ವಂಶದವನು.

ಅವನ ಲಕ್ಷಣಗಳಿಗೂ ಒಂದು ಹೆಸರಿತ್ತು. 1943ರಲ್ಲಿ ಅಮೆರಿಕೆಯ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಒಂದು ಲೇಖನ ಬರೆದ. ಮಾತನ್ನು ಗಿಣಿಯಂತೆ ಮರುನುಡಿಯುವುದು, ಎಲ್ಲವೂ ಇದ್ದಂತೆಯೇ ಇರಬೇಕೆಂಬ ಹಟ, ಜನರಿಗಿಂತ ವಸ್ತುಗಳ ಮೇಲೆ ಗಮನ ಇವೆಲ್ಲ ಅದರಲ್ಲಿವೆ. ಮರುವರ್ಷ ವಿಯೆನ್ನಾದ ಆಸ್ಪರ್ಗರ್ ತಾನು ಕಂಡ ಅಂಥ ಮಕ್ಕಳನ್ನು ಕುರಿತು ಬರೆದ. ಆಟಿಸಂ ಎಂದು ಕರೆಯುವ ಇದನ್ನು ಕನ್ನಡದಲ್ಲಿ ಸ್ವಲೀನತೆ ಎನ್ನುತ್ತೇವೆ. ಹೆಸರು ಬಂದ ಮೇಲೆ ಹೊಸದೊಂದು ಅನ್ಯಾಯವೂ ಬಂತು. ತಾಯಿಯ ಅಕ್ಕರೆಯ ಕೊರತೆಯೇ ಇದಕ್ಕೆ ಕಾರಣವೆಂದು ಹಲವು ಪಂಡಿತರು ಸಾರಿದರು. ನಮ್ಮ ಹಳ್ಳಿಯಲ್ಲಿ ಗ್ರಹಣದ ಹೊತ್ತು ಹೊರಗೆ ಬಂದಳೆಂದು ತಾಯಿಯನ್ನು ಹಳಿಯುತ್ತಿದ್ದರು. ಪಾಶ್ಚಾತ್ಯ ಪಂಡಿತರೂ ನಮ್ಮೂರ ಅತ್ತೆಯಂದಿರೂ ಈ ಒಂದು ವಿಷಯದಲ್ಲಿ ಏಕಾಭಿಪ್ರಾಯದವರಾಗಿದ್ದರು! 1964ರಲ್ಲಿ ಬರ್ನಾರ್ಡ್ ರಿಮ್ಲೆಂಡ್ ತನ್ನ ಗ್ರಂಥದಲ್ಲಿ ಆ ವಾದವನ್ನು ಮುರಿದ. ಮನಶ್ಶಾಸ್ತ್ರಜ್ಞನಾದ ಆತ ಸ್ವತಃ ಅಂಥ ಮಗನ ತಂದೆ.

ಈ ಚರಿತ್ರೆಯುದ್ದಕ್ಕೂ ನಾನು ಕಂಡದ್ದು ಇದನ್ನೇ. ಬಾಗಿಲು ಒಳಗಿನಿಂದ ತೆರೆದದ್ದು ಕಡಿಮೆ. ಹೆತ್ತವರು ಹೊರಗೆ ನಿಂತು ತಟ್ಟಿದಾಗಲೇ ತೆರೆದದ್ದು ಹೆಚ್ಚು. ಬ್ರಿಟನ್ನಿನ ತಂದೆತಾಯಿಗಳು 1962ರಲ್ಲಿ ಸಂಘ ಕಟ್ಟಿದರು. 1965ರಲ್ಲಿ ಲಂಡನ್ನಿನ ಈಲಿಂಗಿನಲ್ಲಿ ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿಯ ಮುಂದಾಳುತನದಲ್ಲಿ ಶಾಲೆ ನಡೆಸಿದರು. ನಮ್ಮ ದೇಶದಲ್ಲಿಯೂ 1991ರಲ್ಲಿ ದೆಹಲಿಯಲ್ಲಿ ಆಕ್ಷನ್ ಫಾರ್ ಆಟಿಸಂ ಎಂಬ ಸಂಸ್ಥೆಯನ್ನು ಆರಂಭಿಸಿದವರು ಮೆರಿ ಬರುವಾ, ಒಬ್ಬ ತಾಯಿ.

ಕರ್ನಾಟಕದಲ್ಲಿ ಏನೂ ಇರಲಿಲ್ಲವೆಂದಲ್ಲ. 1960ರ ದಶಕದಲ್ಲಿಯೇ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಹುಟ್ಟಿತ್ತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆದದ್ದು 1974ರಲ್ಲಿ, ಅಂದರೆ ನಾನು ಆ ತಾಯಿಯನ್ನು ಹಿಂದಕ್ಕೆ ಕಳಿಸಿದ ವರ್ಷದಲ್ಲಿಯೇ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿ ಸೇರಿಸಿಕೊಳ್ಳುವ ಕೇಂದ್ರ ಸರಕಾರದ ಯೋಜನೆಯೂ ಅದೇ ವರ್ಷದ್ದು. 1980ರಲ್ಲಿ ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, 1984ರಲ್ಲಿ ಸಿಕಂದರಾಬಾದಿನಲ್ಲಿ ಬುದ್ಧಿಮಾಂದ್ಯರ ರಾಷ್ಟ್ರೀಯ ಸಂಸ್ಥೆ ಬಂದವು. ಆದರೆ ತಾಂಬಾದಿಂದ ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಮ್ಮ ಸೀಮೆಯವರು ದೊಡ್ಡ ಕಾಯಿಲೆಗೆ ಹೋಗುತ್ತಿದ್ದುದು ಸೊಲ್ಲಾಪುರಕ್ಕೆ, ಅಲ್ಲಿ ಮರಾಠಿ. ಸಿಕಂದರಾಬಾದಿಗೆ ಹೋದರೆ ತೆಲುಗು, ಉರ್ದು. ಮಾತೇ ಕಷ್ಟವಾದ ಮಗುವಿಗೆ ಮೊದಲ ಮಾತನ್ನು ಮನೆಯ ಮಾತಿನಲ್ಲಲ್ಲದೆ ಇನ್ನಾವುದರಲ್ಲಿ ಕಲಿಸುವುದು?

ಕಾನೂನು ಬದಲಾಗಲು ಇನ್ನೂ ಹೊತ್ತು ಹಿಡಿಯಿತು. 1912ರ ಕಾಯ್ದೆಯೊಂದು ಇಂಥವರನ್ನೂ ಹುಚ್ಚರನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿತ್ತು; ಅದನ್ನು ಬದಿಗೆ ಸರಿಸಲು 1987ರ ಮಾನಸಿಕ ಆರೋಗ್ಯ ಕಾಯ್ದೆ ಬರಬೇಕಾಯಿತು. 1986ರ ಶಿಕ್ಷಣ ನೀತಿ ತೀವ್ರ ನ್ಯೂನತೆಯ ಮಕ್ಕಳಿಗೆ ಸಾಧ್ಯವಾದಷ್ಟು ಜಿಲ್ಲಾ ಕೇಂದ್ರಗಳಲ್ಲಿ ವಸತಿಸಹಿತ ಶಾಲೆಗಳನ್ನು ತೆರೆಯುವ ಮಾತನ್ನಾಡಿತು. 1995ರ ಅಂಗವಿಕಲರ ಕಾಯ್ದೆ ಏಳು ನ್ಯೂನತೆಗಳನ್ನು ಹೆಸರಿಸಿತು, ಸ್ವಲೀನತೆ ಅದರಲ್ಲಿರಲಿಲ್ಲ. ಅದು ಕಾಯ್ದೆಯ ಮಾತಾದದ್ದು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಈ ಮಕ್ಕಳನ್ನು ಸ್ಪಷ್ಟವಾಗಿ ಒಳಗೊಂಡಿತು. 2016ರ ಕಾಯ್ದೆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿತು. ಒಂದು ಕಾಲದ ಸಕಾರಣ ಹೀಗೆ ಹಕ್ಕಾಯಿತು.

ಇಂಥ ಶಾಲೆಯಲ್ಲಿ ಮಾಡುವುದಾದರೂ ಏನು ಎಂದು ನೀವು ಕೇಳಬಹುದು. ನಾನು ಕುಳಿತು ನೋಡಿದ ಒಂದು ಪಾಠವನ್ನು ಹೇಳುತ್ತೇನೆ. ಹುಡುಗಿಗೆ ಅಂಗಿ ತೊಡುವುದನ್ನು ಕಲಿಸಬೇಕು. ಶಿಕ್ಷಕಿ ಆ ಕೆಲಸವನ್ನು ಎಂಟು ತುಂಡು ಮಾಡಿದ್ದಳು. ಏಳನ್ನು ತಾನೇ ಮಾಡಿ ಕೊನೆಯ ಗುಂಡಿಯನ್ನು ಮಾತ್ರ ಮಗುವಿಗೆ ಬಿಟ್ಟಳು. ಅದು ಕೈಗೆ ಹತ್ತಿದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಹೀಗೆ ಪ್ರತಿದಿನವೂ ಪಾಠ ಮುಗಿಯುವುದು ಮಗುವಿನ ಗೆಲುವಿನಲ್ಲಿ. ಗೋಡೆಯ ಮೇಲೆ ದಿನದ ಕೆಲಸಗಳ ಚಿತ್ರಗಳು ಸಾಲಾಗಿದ್ದವು. ಮುಂದೇನು ಎಂಬುದು ಕಣ್ಣಿಗೆ ಕಾಣುತ್ತಿದ್ದರೆ ಮಗುವಿನ ಅಂಜಿಕೆ ಅರ್ಧ ಇಳಿಯುತ್ತದೆ. ಅಲ್ಲಿ ಕರ್ಕಶವಾದ ಗಂಟೆ ಇರಲಿಲ್ಲ. ನನ್ನ ಶಾಲೆಯಲ್ಲಿ ಅಂದು ಇದಾವುದಕ್ಕೂ ದುಡ್ಡು ಬೇಕಿರಲಿಲ್ಲ, ತಿಳಿವಳಿಕೆ ಬೇಕಿತ್ತು. ಬೇವಿನ ಬೀಜಗಳಿಂದಲೇ ಅವನಿಗೆ ಎಣಿಕೆ ಕಲಿಸಬಹುದಾಗಿತ್ತು. ಹಿರಿದು ಕಿರಿದು ಎಂಬ ಪಾಠವನ್ನು ಅವನಾಗಲೇ ಕಲಿತಿದ್ದ.

2012ರ ತಿದ್ದುಪಡಿ ತೀವ್ರ ನ್ಯೂನತೆಯ ಮಗುವಿಗೆ ಮನೆಯಲ್ಲಿಯೇ ಕಲಿಯುವ ಅವಕಾಶವನ್ನೂ ಕೊಟ್ಟಿದೆ. ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ದೊಡ್ಡ ಉಪಕಾರ. ಆದರೆ ಹೆಸರು ಪುಸ್ತಕದಲ್ಲಿ, ಮಗು ಮಾತ್ರ ಮನೆಯಲ್ಲಿ ಎಂಬ ಹೊಸ ಸೌಜನ್ಯ ಅದಾಗದಿರಲಿ ಎಂಬುದು ನನ್ನ ಅಂಜಿಕೆ. ಆ ತಾಯಿ ಕೇಳಿದ್ದು ಪಾಠವನ್ನಲ್ಲ, ಉಳಿದ ಮಕ್ಕಳ ನಡುವೆ ಒಂದು ಜಾಗವನ್ನು.

ಕೆಲವು ವರ್ಷಗಳ ಹಿಂದೆ ಆ ಕಡೆಗೆ ಹೋದಾಗ ಅವನನ್ನು ಕಂಡೆ. ತಾಯಿ ತೀರಿಕೊಂಡಿದ್ದಳು, ಅಣ್ಣನ ಆಶ್ರಯದಲ್ಲಿದ್ದ. ತೋಟದ ಮರದಡಿ ಕುಳಿತು ನಿಂಬೆಹಣ್ಣುಗಳನ್ನು ಗಾತ್ರ ನೋಡಿ ಮೂರು ಗುಡ್ಡೆ ಮಾಡುತ್ತಿದ್ದ. ಅವನು ವಿಂಗಡಿಸಿದ್ದನ್ನು ಮತ್ತೊಬ್ಬರು ನೋಡಬೇಕಾಗಿಲ್ಲವೆಂದು ಅಣ್ಣ ಹೇಳಿದ. ನಾನು ಯಾರೆಂದು ಅವನಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಈ ಮಾತನ್ನು ಕೇಳುತ್ತಿರುವ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಶಾಲೆ ತೆರೆಯುವ ಮೊದಲ ವಾರದಲ್ಲಿ ಯಾವಳೋ ಒಬ್ಬ ತಾಯಿ ಹೀಗೆಯೇ ಮಗುವಿನ ಕೈ ಹಿಡಿದು ಬಂದಾಳು. ಮಗು ಕಲಿಯಬಲ್ಲುದೇ ಎಂಬ ವಿಚಾರ ಆಮೇಲೆ. ಮೊದಲು ಹೆಸರು ಬರೆದುಕೊಳ್ಳಿ.